ಒಂದು ಘನ ಮೀಟರಿನ ಲೆಕ್ಕ: ಕೊಳಚೆನೀರು ಸಂಸ್ಕರಣೆಯ ಉನ್ನತೀಕರಣ ಮತ್ತು ಜೀವನಚಕ್ರ ಮೌಲ್ಯಮಾಪನ

ಕೊಳಚೆನೀರು ಸಂಸ್ಕರಣಾ ಘಟಕವೊಂದನ್ನು ಮೇಲ್ದರ್ಜೆಗೇರಿಸಿದರೆ ಪರಿಸರಕ್ಕೆ ಒಟ್ಟಾರೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ತಜ್ಞವಲಯವು ಕೊನೆಯ ಮಾತೆಂಬಂತೆ ಮುಂದಿಡುವುದು ಜೀವನಚಕ್ರ ಮೌಲ್ಯಮಾಪನವನ್ನು, ಅಂದರೆ ಘಟಕ ಕಟ್ಟುವ ಸಿಮೆಂಟು ಉಕ್ಕಿನಿಂದ ಹಿಡಿದು ದಿನನಿತ್ಯದ ವಿದ್ಯುತ್ತು, ರಾಸಾಯನಿಕ, ಹೊರಬೀಳುವ ಅನಿಲ, ಕೊನೆಗೆ ಉಳಿಯುವ ಕೆಸರಿನವರೆಗಿನ ಎಲ್ಲ ಹೊರೆಗಳನ್ನೂ ಕೂಡಿಸಿ ಒಂದೇ ಕೋಷ್ಟಕದಲ್ಲಿ ತೋರಿಸುವ ಲೆಕ್ಕವನ್ನು. 1990ರ ದಶಕದಲ್ಲಿ ಈ ಕ್ಷೇತ್ರಕ್ಕೆ ಬಂದ ವಿಧಾನಕ್ಕೆ 2006ರ ಐಎಸ್‌ಒ 14040 ಮತ್ತು 14044 ಮಾನದಂಡಗಳು ಶಾಸ್ತ್ರದ ಮುದ್ರೆ ಒತ್ತಿದವು; 2013ರಲ್ಲಿ ಕೊರೊಮಿನಾಸ್ ಮತ್ತು ಸಂಗಡಿಗರು 'ವಾಟರ್ ರಿಸರ್ಚ್' ಪತ್ರಿಕೆಯಲ್ಲಿ 45 ಅಧ್ಯಯನಗಳನ್ನು ಪರಾಮರ್ಶಿಸುವ ಹೊತ್ತಿಗೆ ಅದು ಸ್ವತಂತ್ರ ಶಾಖೆಯಾಗಿಯೇ ಬೆಳೆದಿತ್ತು. ಈ ಶಾಖೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ತೀರ್ಮಾನವೆಂದರೆ, ಸಾರಜನಕ ಮತ್ತು ರಂಜಕವನ್ನು ತೆಗೆಯುವ ಮಟ್ಟಕ್ಕೆ ಸಂಸ್ಕರಣೆಯನ್ನು ಏರಿಸಿದಂತೆ ನೀರಿನ ಮಾಲಿನ್ಯ ಇಳಿಯುತ್ತದೆ, ಆದರೆ ವಿದ್ಯುತ್ತು, ರಾಸಾಯನಿಕ ಮತ್ತು ಹವಾಮಾನದ ಹೊರೆ ಏರುತ್ತದೆ ಎಂಬುದು. ಕೇಳಲು ಸಮತೋಲದ ಮಾತಿನಂತಿರುವ ಈ ತೀರ್ಮಾನಕ್ಕೆ ಸಂದಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಬೆಂಗಳೂರಿನ ಕೊಳಚೆನೀರು ಮತ್ತು ಕೋಲಾರದ ಕೆರೆಗಳ ನಂಟನ್ನು ಎದುರಿಗಿಟ್ಟುಕೊಂಡರೆ ಅದು ನಿಲ್ಲುವುದಿಲ್ಲ.

ಬೆಂಗಳೂರಿನ ಬೆಳ್ಳಂದೂರು ಕೆರೆ ಕೊಳಚೆನೀರಿನಿಂದ ನೊರೆಯುಕ್ಕಿ ಬೆಂಕಿ ಹತ್ತಿದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಅದೇ ನಗರದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಘಟಕಗಳಿಂದ ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು, ಎರಡನೇ ಹಂತದ ಸಂಸ್ಕರಣೆಯಷ್ಟೇ ಮುಗಿಸಿ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 126 ಕೆರೆಗಳಿಗೆ ಹರಿಸುವ ಯೋಜನೆಯೂ, 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡ ಮೇಲೆ ವಿವಾದ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದೂ ತಿಳಿದ ಸಂಗತಿಗಳೇ. ಎರಡನೇ ಹಂತವೆಂದರೆ ಸೂಕ್ಷ್ಮಜೀವಿಗಳ ನೆರವಿನಿಂದ ನೀರಿನಲ್ಲಿರುವ ಸಾವಯವ ಕೊಳೆಯನ್ನು ಕಳೆಯುವುದು. ಅಲ್ಲಿ ಉಳಿದುಬಿಡುವ ಪೋಷಕಾಂಶ ಮತ್ತು ರೋಗಾಣುಗಳನ್ನು ತೆಗೆಯುವ ಕೆಲಸ ಮುಂದಿನ, ಅಂದರೆ ಮೂರನೇ ಹಂತದ್ದು, ಉನ್ನತೀಕರಣದ ಚರ್ಚೆ ಇರುವುದೂ ಅದರ ಸುತ್ತಲೇ. 2015ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮದಲ್ಲಿ ಒಟ್ಟು ಸಾರಜನಕಕ್ಕೆ ಲೀಟರಿಗೆ 10 ಮಿಲಿಗ್ರಾಂ ಮಿತಿಯಿತ್ತು. 2017ರ ಅಂತಿಮ ಅಧಿಸೂಚನೆಯಲ್ಲಿ ಅದು ಮಾಯವಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಮರಳಿ ತರುವಂತೆ ಆದೇಶಿಸಿತು. ಮಿತಿ ಎಷ್ಟು ಬಿಗಿಯಿರಬೇಕೆಂಬ ಇಂಥ ಪ್ರಶ್ನೆಗೆ ಕಾನೂನಿನ ಪರಿಸರ ಪರಿಣಾಮ ಅಧ್ಯಯನವೂ ಒದಗುವುದಿಲ್ಲ, ಏಕೆಂದರೆ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಕೈಗಾರಿಕೆಗಳ ಸಾಮೂಹಿಕ ತ್ಯಾಜ್ಯ ಸಂಸ್ಕರಣಾ ಘಟಕಗಳಿವೆಯೇ ಹೊರತು ನಗರದ ಕೊಳಚೆನೀರಿನ ಘಟಕಗಳಿಲ್ಲ. ತೆರವಾಗಿ ಉಳಿದ ಆ ಜಾಗದಲ್ಲಿ ಜೀವನಚಕ್ರ ಮೌಲ್ಯಮಾಪನ ಬಂದು ಕುಳಿತಿದೆ.

ಈ ವಿಧಾನದ ಬಲವೂ ದೋಷವೂ ಒಂದೇ ಕಡೆ ಇವೆ, ಅದು ಹೋಲಿಕೆಯ ಮೂಲಮಾನ. ಎರಡು ಬಗೆಯ ಘಟಕಗಳನ್ನು ಹೋಲಿಸಬೇಕಾದರೆ ಎರಡೂ ಮಾಡುವ ಕೆಲಸವನ್ನು ಒಂದೇ ಅಳತೆಗೆ ತರಬೇಕು. ಬಹುಪಾಲು ಅಧ್ಯಯನಗಳು ಆರಿಸಿಕೊಳ್ಳುವ ಅಳತೆ 'ಸಂಸ್ಕರಿಸಿದ ಒಂದು ಘನ ಮೀಟರ್ ನೀರು'. ಹೀಗೆ ಆರಿಸಿಕೊಂಡ ಕ್ಷಣದಲ್ಲೇ ಲೀಟರಿಗೆ 30 ಮಿಲಿಗ್ರಾಂ ಸಾರಜನಕ ಹೊತ್ತು ಹೊರಬರುವ ನೀರೂ 10 ಮಿಲಿಗ್ರಾಂ ಹೊತ್ತು ಹೊರಬರುವ ನೀರೂ ಒಂದೇ ಕೆಲಸದ ಫಲಗಳೆಂದು ಲೆಕ್ಕ ಒಪ್ಪಿಕೊಂಡುಬಿಡುತ್ತದೆ. ಅವೆರಡರ ನಡುವಿನ ವ್ಯತ್ಯಾಸವು ಉನ್ನತೀಕರಣದ ಉದ್ದೇಶವೇ ಆಗಿದ್ದರೂ, ಕೋಷ್ಟಕದಲ್ಲಿ ಅದು ಹತ್ತಾರು ಸಾಲುಗಳ ನಡುವಿನ ಒಂದು ಸಾಲಾಗಿ ಉಳಿಯುತ್ತದೆ, ನೀರು ಯಾವ ಕೆರೆಗೆ ಬೀಳುತ್ತದೆ ಎಂಬುದಂತೂ ಎಲ್ಲಿಯೂ ಬರುವುದಿಲ್ಲ.

ಇದು ಬರಿಯ ತಾತ್ವಿಕ ಆಕ್ಷೇಪವಲ್ಲ ಎಂಬುದನ್ನು ಅಂಕಿಗಳಲ್ಲೇ ತೋರಿಸಬಹುದು. ಕೊಳಚೆನೀರಿನ ಸಾರಜನಕದಿಂದ ಹುಟ್ಟುವ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುವ ಅನಿಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರ ಕೈಪಿಡಿಯಲ್ಲಿ ಘಟಕದೊಳಗಿನ ಈ ಅನಿಲಕ್ಕೆ ತಲೆಗೆ ವರ್ಷಕ್ಕೆ 3.2 ಗ್ರಾಂ ಎಂದು ಲೆಕ್ಕ ಹಾಕಿತ್ತು. 2019ರ ಪರಿಷ್ಕರಣೆಯಲ್ಲಿ ಒಳಬರುವ ಸಾರಜನಕದ ಶೇಕಡಾ 1.6 ಭಾಗ ಈ ಅನಿಲವಾಗಿ ಹೋಗುತ್ತದೆಂದು ಬದಲಿಸಿತು. ಒಂದು ಘನ ಮೀಟರ್ ಕೊಳಚೆನೀರಿನಲ್ಲಿ 40 ಗ್ರಾಂ ಸಾರಜನಕವಿದೆ, ಒಬ್ಬರಿಂದ ದಿನಕ್ಕೆ 120 ಲೀಟರ್ ಕೊಳಚೆನೀರು ಬರುತ್ತದೆ ಎಂದು ಹಿಡಿದರೆ, ಹಳೆಯ ಕೈಪಿಡಿಯ ಪ್ರಕಾರ ಘನ ಮೀಟರಿಗೆ ಹವಾಮಾನದ ಹೊರೆ ಸುಮಾರು 20 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ, ಹೊಸದರ ಪ್ರಕಾರ ಸುಮಾರು 275 ಗ್ರಾಂ. ಘಟಕ ಬದಲಾಗಿಲ್ಲ, ನೀರು ಬದಲಾಗಿಲ್ಲ, ಕೈಪಿಡಿಯ ಆವೃತ್ತಿಯೊಂದು ಬದಲಾದದ್ದಕ್ಕೆ ಹೊರೆ 13 ಪಟ್ಟಿಗೂ ಮೇಲೆ ಏರಿತು. ಹಳೆಯ ಗುಣಾಂಕದ ಮೇಲೆ ನಿಂತ ಅಧ್ಯಯನಗಳನ್ನು ಈಗಲೂ ಹಾಗೆಯೇ ಉಲ್ಲೇಖಿಸುವುದು ಎಷ್ಟು ಸರಿ ಎಂಬುದನ್ನು ಆ ಶಾಖೆಯೇ ಕೇಳಿಕೊಳ್ಳಬೇಕು.

ಆದರೆ ನಿಜವಾದ ಗಂಟು ಇರುವುದು ಘಟಕದ ಹೊರಗೆ. ಹೊರಬಿಟ್ಟ ನೀರಿನಲ್ಲಿರುವ ಸಾರಜನಕವೂ ಕೆರೆ ಹೊಳೆಗಳಲ್ಲಿ ಇದೇ ಅನಿಲವಾಗಿ ಮೇಲೇಳುತ್ತದೆ. ಹೀಗೆ ಅನಿಲವಾಗುವ ಸಾರಜನಕದ ಪಾಲಿಗೆ ಸಾಮಾನ್ಯವಾಗಿ ಬಳಸುವ ಗುಣಾಂಕ 0.005. ಆದರೆ ಪೋಷಕಾಂಶ ದಟ್ಟೈಸಿ ಆಮ್ಲಜನಕ ಕುಸಿದ ನೀರಿಗೆ 2019ರ ಪರಿಷ್ಕರಣೆಯೇ 0.019 ಎಂಬ ಬೇರೆ ಗುಣಾಂಕವನ್ನು ಕೊಟ್ಟಿದೆ. ಉನ್ನತೀಕರಣದಿಂದ ಹೊರನೀರಿನ ಸಾರಜನಕ ಘನ ಮೀಟರಿಗೆ 30 ಗ್ರಾಂನಿಂದ 10 ಗ್ರಾಂಗೆ ಇಳಿಯಿತು, ಅದಕ್ಕೆ 0.15 ಯೂನಿಟ್ ಹೆಚ್ಚು ವಿದ್ಯುತ್ತು ಬೇಕಾಯಿತು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಭಾರತದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ ಈ ಹೆಚ್ಚುವರಿ ವಿದ್ಯುತ್ತಿನ ಹೊರೆ 105 ಗ್ರಾಂ. ಸಾಮಾನ್ಯ ಗುಣಾಂಕದಂತೆ ಕೆರೆಯಲ್ಲಿ ಉಳಿತಾಯವಾಗುವುದು 43 ಗ್ರಾಂ ಮಾತ್ರ, ಆಗ ಉನ್ನತೀಕರಣ ಹವಾಮಾನಕ್ಕೆ ಹೊರೆ. ಎರಡನೇ ಗುಣಾಂಕದಂತೆ ಉಳಿತಾಯ 163 ಗ್ರಾಂ, ಆಗ ಅದೇ ಉನ್ನತೀಕರಣ ಹವಾಮಾನಕ್ಕೆ ಲಾಭ. ಘಟಕದೊಳಗಿನ ಅನಿಲ ಸಂಸ್ಕರಣೆಯ ಬಗೆಯನ್ನು ಅನುಸರಿಸಿ ಬದಲಾಗುತ್ತದೆ, ಅಮೋನಿಯವನ್ನು ನೈಟ್ರೇಟ್ ಮಾಡುವ ಹಂತವನ್ನು ಸರಿಯಾಗಿ ನಡೆಸದಿದ್ದರೆ ಏರಲೂಬಹುದು ಎಂಬ ಎಚ್ಚರಿಕೆ ಇಲ್ಲಿ ಅಗತ್ಯ. ಆದರೂ ಲೆಕ್ಕದ ಚಿಹ್ನೆಯೇ ತಿರುಗುಮುರುಗಾಗುವಷ್ಟು ದೊಡ್ಡ ಸಂಗತಿಯನ್ನು ಕೆರೆಯ ಸ್ಥಿತಿ ನಿರ್ಧರಿಸುತ್ತದೆ. ನೊರೆ ಹಾರಿಸಿದ, ಬೆಂಕಿ ಹತ್ತಿದ ಬೆಳ್ಳಂದೂರಿನಂಥ ಕೆರೆಗೆ ಈ ಎರಡರಲ್ಲಿ ಯಾವ ಗುಣಾಂಕ ಸಲ್ಲುತ್ತದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಕೋಲಾರಕ್ಕೆ ಬಂದರೆ ದೋಷ ಇನ್ನೂ ಆಳಕ್ಕಿಳಿಯುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ 'ರೆಸಿಪೆ' ಎಂಬ ಮೌಲ್ಯಮಾಪನ ಪದ್ಧತಿ ಸಿಹಿನೀರಿನ ಪೋಷಕಾಂಶ ದಟ್ಟಣೆಗೆ ರಂಜಕವನ್ನಷ್ಟೇ ಎಣಿಸುತ್ತದೆ, ಸಾರಜನಕವನ್ನು ಸಮುದ್ರದ ಲೆಕ್ಕಕ್ಕೆ ಸೇರಿಸುತ್ತದೆ. ಯುರೋಪಿನ ನದಿಗಳು ಸಮುದ್ರ ಸೇರುವುದರಿಂದ ಅಲ್ಲಿ ಈ ವಿಂಗಡಣೆಗೆ ಅರ್ಥವಿದೆ. ಕೋಲಾರದ ಕೆರೆಗೆ ಬಿದ್ದ ನೀರಾದರೋ ಆವಿಯಾಗುತ್ತದೆ, ಇಲ್ಲವೇ ನೆಲಕ್ಕಿಳಿಯುತ್ತದೆ. ಅಂತರ್ಜಲ ಮರುಪೂರಣವೇ ಯೋಜನೆಯ ಘೋಷಿತ ಗುರಿ. ಆ ನೀರಿನ ಸಾರಜನಕ ನೈಟ್ರೇಟಾಗಿ ಕೊಳವೆಬಾವಿ ಸೇರುವ ಸಾಧ್ಯತೆಯೇ ಅಲ್ಲಿನ ಜನರಿಗೆ ಮುಖ್ಯವಾದ ಪ್ರಶ್ನೆ, ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೋಷ್ಟಕವಾದರೋ ಆ ಸಾರಜನಕವನ್ನು ಅದು ಎಂದೂ ತಲುಪದ ಕಡಲಿನ ಖಾತೆಗೆ ಬರೆದು ಮುಗಿಸುತ್ತದೆ. ರೋಗಾಣುಗಳ ಗತಿಯೂ ಇದೇ. ಕ್ಲೋರಿನ್ ತಯಾರಿಕೆಯ ಹೊರೆಗೆ ಲೆಕ್ಕದಲ್ಲಿ ಜಾಗವಿದೆ, ಕ್ಲೋರಿನ್ ಕೊಂದ ರೋಗಾಣುವಿಗೆ ಸಾಮಾನ್ಯವಾಗಿ ಜಾಗವಿಲ್ಲ. ಹೀಗಾಗಿ ಸೋಂಕು ನಿವಾರಣೆಯನ್ನು ಕೈಬಿಟ್ಟ ಘಟಕವೇ ಪರಿಸರಕ್ಕೆ ಹಿತವೆಂದು ಕಾಣುತ್ತದೆ. ಮಕ್ಕಳು ಇಳಿಯುವ, ದನಗಳು ನೀರು ಕುಡಿಯುವ ಕೆರೆಗಳ ಮೇಲೆ ಇಂಥ ತೀರ್ಪನ್ನು ಹೇರುವುದು ಅನ್ಯಾಯ.

ಈ ಆಕ್ಷೇಪಗಳಿಗೆ ವಿಧಾನದ ಪಕ್ಷಪಾತಿಗಳ ಬಳಿ ಸಿದ್ಧ ಉತ್ತರವಿದೆ: ಮೂಲಮಾನವನ್ನು ಉದ್ದೇಶಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕೆಂದು ಐಎಸ್‌ಒ ಮಾನದಂಡವೇ ಹೇಳುತ್ತದೆ, ತಪ್ಪು ಬಳಸುವವರದು. ಮಾತು ಅಕ್ಷರಶಃ ಸರಿ, ಆದರೆ ಒಂದು ಶಾಖೆಯ ಬಹುಪಾಲು ಮಂದಿ ಒಂದೇ ತಪ್ಪನ್ನು ದಶಕಗಟ್ಟಲೆ ಮಾಡಿದರೆ ಅದನ್ನು ಬಳಕೆದಾರರ ಅಜಾಗರೂಕತೆ ಎನ್ನಲಾಗದು. ಘನ ಮೀಟರ್ ಸುಲಭವಾಗಿ ಸಿಗುತ್ತದೆ, ಘಟಕದ ಮೀಟರಿನಲ್ಲಿ ಅದು ದಿನವೂ ದಾಖಲಾಗುತ್ತದೆ. ಕೆರೆಯ ಆಮ್ಲಜನಕವನ್ನು ಋತುವಿನಿಂದ ಋತುವಿಗೆ ಅಳೆಯಲು ಜನ ಬೇಕು, ಹಣ ಬೇಕು. ಇನ್ನೊಂದು ತುದಿಯಲ್ಲಿರುವ ವಿಮರ್ಶಕರು ಇಡೀ ವಿಧಾನವನ್ನೇ ಹೊರಗಿನ ಸರಕೆಂದು ತಳ್ಳಿಹಾಕುತ್ತಾರೆ; ಅವರ ಮಾತು ಕೇಳಿದ್ದರೆ ಮೇಲಿನ ವಿದ್ಯುತ್ತಿನ 105 ಗ್ರಾಂ ಹೊರೆಯೂ ಕಣ್ಣಿಗೆ ಬೀಳುತ್ತಿರಲಿಲ್ಲ, ರಂಜಕ ತೆಗೆಯಲು ಸುರಿಯುವ ಕಬ್ಬಿಣದ ಲವಣದಿಂದ ಕೆಸರು ಹೆಚ್ಚುವುದೂ ಮರೆಯಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ವಿವೇಚನೆ ಬೇಡುವುದು ಮೂರನೆಯ ಗುಂಪಿನ ವಾದ. ಸಾರಜನಕ ರಂಜಕಗಳು ಬೆಳೆಗೆ ಗೊಬ್ಬರ, ಬರದ ನಾಡಿಗೆ ಹೋಗುವ ನೀರಿನಿಂದ ಅವುಗಳನ್ನು ತೆಗೆಯುವುದು ವ್ಯರ್ಥ, ಆದ್ದರಿಂದ ಎರಡನೇ ಹಂತವೇ ಸಾಕು ಎನ್ನುತ್ತಾರೆ ಇವರು. ಹೊಲಕ್ಕೆ ನೇರವಾಗಿ ಹಾಯಿಸುವ ನೀರಿನ ಮಟ್ಟಿಗೆ ಈ ವಾದದಲ್ಲಿ ತಥ್ಯವಿದೆ. ಅಲ್ಲಿ ರೈತ ಕೊಳ್ಳುವ ಯೂರಿಯಾ ಅಷ್ಟರ ಮಟ್ಟಿಗೆ ಉಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಕೆರೆಯಲ್ಲಿ ನಿಂತು ಪಾಚಿಗೆ ಆಹಾರವಾಗಿ, ಉಳಿದದ್ದು ನೆಲದಾಳಕ್ಕಿಳಿಯುವ ಪೋಷಕಾಂಶವನ್ನು ಗೊಬ್ಬರದ ಜಮೆಗೆ ಬರೆದುಕೊಳ್ಳುವುದು ಸಲ್ಲದು. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದರಿಂದ ಉಳಿಯುವ ವಿದ್ಯುತ್ತನ್ನೂ ಇವರು ಮುಂದಿಡುತ್ತಾರೆ. ಆ ಉಳಿತಾಯ ದೊಡ್ಡದೇ. 300 ಮೀಟರ್ ಆಳದಿಂದ ಒಂದು ಘನ ಮೀಟರ್ ನೀರೆತ್ತಲು ನಷ್ಟವೇ ಇಲ್ಲದ ಪಂಪಿಗೂ 0.8 ಯೂನಿಟ್ ಬೇಕು. ಆದರೆ ಅದು ಕೆರೆ ತುಂಬಿಸಿದ್ದರ ಫಲ, ಸಂಸ್ಕರಣೆಯನ್ನು ಅರ್ಧಕ್ಕೆ ನಿಲ್ಲಿಸಿದ್ದರ ಫಲವಲ್ಲ. ಮೂರನೇ ಹಂತ ಮುಗಿಸಿದ ನೀರು ಹರಿದರೂ ಬಾವಿಯ ಮಟ್ಟ ಅಷ್ಟೇ ಏರುತ್ತಿತ್ತು.

ಈ ಗದ್ದಲದಲ್ಲಿ ಮೂಲೆಗುಂಪಾದ ಕೆಲಸವೊಂದಿದೆ. 2012ರಲ್ಲಿ ಕೆನಡಾದ ಗೋಡಿನ್, ಬುಷಾರ್ ಮತ್ತು ವನ್ರೋಲೆಗೆಮ್ ಅವರು ನಿವ್ವಳ ಪರಿಸರ ಲಾಭ ಎಂಬ ಲೆಕ್ಕವನ್ನು ಮುಂದಿಟ್ಟರು. ಸಂಸ್ಕರಿಸದೆ ನೀರು ಬಿಟ್ಟಿದ್ದರೆ ಆಗುತ್ತಿದ್ದ ಹಾನಿಯಿಂದ ಸಂಸ್ಕರಿಸಿದ ನೀರಿನ ಹಾನಿಯನ್ನೂ ಸಂಸ್ಕರಣೆಯ ಹೊರೆಯನ್ನೂ ಕಳೆದು ಉಳಿಯುವುದನ್ನು ಅದು ಕೇಳುತ್ತದೆ. ಈ ಲೆಕ್ಕಕ್ಕೆ ಘಟಕದ ಬೇಲಿಯ ಹೊರಗಿನ ಹಾನಿಯನ್ನೇ ಮೊದಲು ಬರೆಯಬೇಕಾಗುತ್ತದೆ. ಅದನ್ನು ಕೋಲಾರಕ್ಕೆ ಅನ್ವಯಿಸುವವರು ಸಮುದ್ರದ ಸಾಲನ್ನು ಅಳಿಸಿ ಕೊಳವೆಬಾವಿಯ ನೈಟ್ರೇಟಿಗೆ ಸಾಲೊಂದನ್ನು ಸೇರಿಸಬೇಕು, 126 ಕೆರೆಗಳನ್ನು ಒಂದೇ ಸರಾಸರಿಗೆ ಇಳಿಸದೆ ನೀರು ಮೊದಲು ಬೀಳುವ ಕೆರೆಯನ್ನೂ ಕೊನೆಯ ಕೆರೆಯನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಸರಪಳಿಯ ಮೊದಲ ಕೆರೆಗಳು ಪೋಷಕಾಂಶವನ್ನು ಹಿಡಿದುಕೊಂಡು ಕೆಳಗಿನವುಗಳಿಗೆ ತಿಳಿನೀರು ಬಿಡುತ್ತಿದ್ದರೆ, ಮೂರನೇ ಹಂತದ ಕೆಲಸವನ್ನು ಆ ಊರುಗಳ ಕೆರೆಗಳಿಂದ ಸಂಬಳವಿಲ್ಲದೆ ಮಾಡಿಸಿಕೊಂಡಂತಾಗುತ್ತದೆ, ಆ ಹೊರೆಯನ್ನು ಬೆಂಗಳೂರಿನ ಘಟಕದ ಖಾತೆಗೇ ಬರೆಯಬೇಕಾಗುತ್ತದೆ.