ಭಯಾನಕರಸವೂ ಭಯಶೇಷವೂ

೧

ವಿಭಾವಾದಿಗಳು ಇರುವವರೆಗೆ ಮಾತ್ರ ರಸವು ಬಾಳತಕ್ಕದ್ದೆಂದು ಮಮ್ಮಟಾಚಾರ್ಯನು ಕಾವ್ಯಪ್ರಕಾಶದಲ್ಲಿ ನಿರ್ಣಯಿಸಿರುವುದು ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆಲ್ಲ ವಿದಿತವಾದುದೇ ಆಗಿದೆ. ಪಾನಕವನ್ನು ಕುಡಿಯುತ್ತಿರುವಷ್ಟು ಹೊತ್ತು ಅದರ ರುಚಿ. ಬಟ್ಟಲು ಬರಿದಾದ ಮೇಲೆ ಉಳಿಯುವುದು ರುಚಿಯ ನೆನಪೇ ಹೊರತು ರುಚಿಯಲ್ಲ. ಅದರಂತೆಯೇ ಪ್ರಯೋಗವು ಮುಗಿದೊಡನೆ ರಸವೂ ವಿಶ್ರಾಂತಿಯನ್ನು ಹೊಂದಬೇಕು. ಶೃಂಗಾರನಾಟಕವನ್ನು ನೋಡಿ ಬಂದವನು ಮನೆಯಲ್ಲಿ ವಿರಹತಾಪದಿಂದ ನರಳುವುದಿಲ್ಲ. ಕರುಣನಾಟಕವನ್ನು ನೋಡಿದವನು ಮರುದಿನ ಸೂತಕವನ್ನು ಆಚರಿಸುವುದಿಲ್ಲ. ಆದರೆ ಭಯಾನಕವಾದ ಚಲಚ್ಚಿತ್ರವನ್ನು ಕಂಡವರಲ್ಲಿ ಅನೇಕರು ದೀಪವನ್ನು ಆರಿಸದೆ ಮಲಗುತ್ತಾರೆ. ಕೆಲವರು ತಿಂಗಳುಗಟ್ಟಲೆ, ಮತ್ತೆ ಕೆಲವರು ವರ್ಷಗಟ್ಟಲೆ, ಚಿತ್ರದಲ್ಲಿ ಕಂಡ ವಸ್ತುವಿನ ಬಳಿಗೆ ಹೋಗಲು ಅಳುಕುತ್ತಾರೆ. ರಸಗಳಲ್ಲಿ ಇದೊಂದಕ್ಕೆ ಮಾತ್ರ ಹೀಗೆ ಬಾಲವು ಬೆಳೆದುದೇಕೆ? ಇದು ರಸದ ಉತ್ಕರ್ಷವೊ, ರಸದ ಭಂಗವೊ? ಇದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಈ ಸಂಗತಿಯು ಬರಿಯ ಲೋಕವಾರ್ತೆಯಲ್ಲ. ಅಮೆರಿಕದ ಕ್ರಿಸ್ಟನ್ ಹ್ಯಾರಿಸನ್ ಮತ್ತು ಜೋನ್ ಕ್ಯಾಂಟರ್ ಎಂಬ ವಿದುಷಿಯರು ೧೯೯೯ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಸುಮಾರು ೧೫೦ ವಿದ್ಯಾರ್ಥಿಗಳ ಪೈಕಿ ನೂರಕ್ಕೆ ೯೦ ಮಂದಿ ತಾವು ಬಾಲ್ಯದಲ್ಲಿಯೊ ಕಿಶೋರವಯಸ್ಸಿನಲ್ಲಿಯೊ ಚಿತ್ರವೊಂದನ್ನು ಕಂಡು ಬಹುಕಾಲ ಹೆದರಿದುದನ್ನು ತಿಳಿಸಿದರು. ಸುಮಾರು ಕಾಲುಭಾಗದಷ್ಟು ಮಂದಿಯಲ್ಲಿ ಆ ಭಯದ ಶೇಷವು ಪ್ರಶ್ನೆ ಕೇಳಿದ ದಿನದಲ್ಲಿಯೂ ಇದ್ದಿತು. ಕ್ಯಾಂಟರ್ ಅವರು ೨೦೦೪ರಲ್ಲಿ ಬರೆದ ಮತ್ತೊಂದು ಪ್ರಬಂಧಕ್ಕೆ ವಿದ್ಯಾರ್ಥಿಗಳ ೫೦೦ಕ್ಕೂ ಹೆಚ್ಚು ಬರಹಗಳು ಆಧಾರವಾಗಿದ್ದವು. ಅವುಗಳಲ್ಲಿ ಹೆಚ್ಚಾಗಿ ಹೆಸರಿಸಲ್ಪಟ್ಟ ಚಿತ್ರಗಳು ನಾಲ್ಕು: ‘ಜಾಸ್’ (೧೯೭೫), ‘ಪೋಲ್ಟರ್‌ಗೈಸ್ಟ್’ (೧೯೮೨), ‘ಸ್ಕ್ರೀಮ್’ (೧೯೯೬), ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (೧೯೯೯). ‘ಜಾಸ್’ ಚಿತ್ರದಲ್ಲಿ ನರಭಕ್ಷಕವಾದ ಷಾರ್ಕ್ ಮೀನನ್ನು ಕಂಡವರು ಸಮುದ್ರಕ್ಕೆ ಮಾತ್ರವಲ್ಲ, ಆ ಮೀನು ಇರಲಾರದ ಸರೋವರಕ್ಕೂ ಈಜುಕೊಳಕ್ಕೂ ಇಳಿಯಲು ಹೆದರಿದರು. ‘ಪೋಲ್ಟರ್‌ಗೈಸ್ಟ್’ ಕಂಡವರಿಗೆ ಕೋಡಂಗಿಯ ಗೊಂಬೆಯೂ ಕಿಟಕಿಯಾಚೆಯ ಮರವೂ ಭಯಹೇತುಗಳಾದವು. ತಮ್ಮ ಭಯಕ್ಕೆ ಆಧಾರವಿಲ್ಲವೆಂದು ತಿಳಿದೂ ಅದನ್ನು ಬಿಡಲಾರದೆ ಹೋದವರು ಅವರಲ್ಲಿ ಅನೇಕರಿದ್ದರೆಂಬುದೇ ಇಲ್ಲಿ ವಿಚಾರಾರ್ಹವಾದ ಅಂಶ.

ಈ ವಿಷಯದಲ್ಲಿ ಎರಡು ಪಕ್ಷಗಳು ಸಾಧ್ಯವಾಗಿವೆ. ಚಿತ್ರಾಭಿಮಾನಿಗಳು, ಭಯವು ಎಷ್ಟು ಕಾಲ ಉಳಿಯಿತೋ ಚಿತ್ರವು ಅಷ್ಟು ಶ್ರೇಷ್ಠವೆನ್ನುತ್ತಾರೆ. ಶಾಸ್ತ್ರಾಭಿಮಾನಿಗಳು, ಮನೆಯವರೆಗೆ ಬೆನ್ನಟ್ಟಿ ಬರುವುದು ಲೌಕಿಕಭಯವೇ ಆದ್ದರಿಂದ ಅಂತಹ ಚಿತ್ರದಲ್ಲಿ ರಸವೇ ಇಲ್ಲವೆನ್ನಬಹುದು. ಈ ಎರಡು ಪಕ್ಷಗಳೂ ನಿಲ್ಲತಕ್ಕವಲ್ಲವೆಂದು ತೋರುತ್ತದೆ.

೨

ಮೊದಲು ಶಾಸ್ತ್ರವು ಹೇಳುವುದೇನೆಂಬುದನ್ನು ನೋಡೋಣ. ಭಯಾನಕರಸದ ಸ್ವರೂಪವನ್ನು ವಿವರಿಸುವಾಗ ಅಭಿನವಗುಪ್ತಪಾದಾಚಾರ್ಯರು ಕಾಳಿದಾಸನ ಶಾಕುಂತಲದ ಆರಂಭದಲ್ಲಿ ರಥದ ಮುಂದೆ ಓಡುವ ಜಿಂಕೆಯನ್ನು ಉದಾಹರಿಸುತ್ತಾರೆ. ಅಲ್ಲಿ ಹೆದರಿದುದು ಇಂತಹ ಜಿಂಕೆಯೆಂದಾಗಲಿ, ಹೆದರಿಸಿದವನು ಇಂತಹ ಅರಸನೆಂದಾಗಲಿ ನಮ್ಮ ಬುದ್ಧಿಯು ನಿಲ್ಲುವುದಿಲ್ಲ. ದೇಶಕಾಲಗಳ ಕಟ್ಟನ್ನು ಕಳಚಿಕೊಂಡ ಭಯವೇ ಹೃದಯವನ್ನು ಹೊಕ್ಕಂತೆ ಪ್ರತೀತವಾಗುತ್ತದೆ. ಇದೇ ಸಾಧಾರಣೀಕರಣ. ಈ ಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಅವರು ಎಣಿಸಿದ್ದಾರೆ. ಈ ಭಯವು ನನ್ನದೇ ಎಂದಾಗಲಿ, ಇದು ಇಂತಹ ಮತ್ತೊಬ್ಬನದೇ ಎಂದಾಗಲಿ ಅಂಟಿಕೊಳ್ಳುವುದು ಅವುಗಳಲ್ಲಿ ಎರಡನೆಯದು. ಈ ವಿಘ್ನವನ್ನು ನಿವಾರಿಸುವುದಕ್ಕೆಂದೇ ನಾಟ್ಯದಲ್ಲಿ ಪೂರ್ವರಂಗ, ಪ್ರಸ್ತಾವನೆ, ಕಿರೀಟಾದಿ ವೇಷಗಳು ಏರ್ಪಟ್ಟಿವೆ. ಇವು ‘ಇದು ನಾಟ್ಯ’ ಎಂಬ ಎಚ್ಚರವನ್ನು ಕೊಟ್ಟು, ನಟನೆಂಬ ವ್ಯಕ್ತಿಯನ್ನೂ ಮರೆಸುತ್ತವೆ. ರಸಪ್ರಕ್ರಿಯೆಯ ವಿಸ್ತಾರವನ್ನು ಕನ್ನಡದಲ್ಲಿ ಬಯಸುವವರಿಗೆ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಲಭ್ಯವಾಗಿರುವುದರಿಂದ ಇಲ್ಲಿ ಹೆಚ್ಚಾಗಿ ಬೆಳಸುವುದಿಲ್ಲ.

ಚಲಚ್ಚಿತ್ರದಲ್ಲಿ ಈ ನಿವಾರಣೋಪಾಯಗಳು ಬಹಳ ಕ್ಷೀಣವಾಗಿವೆ. ನಾಟ್ಯಧರ್ಮಿಯು ಅಡಗಿ ಲೋಕಧರ್ಮಿಯೇ ತುಂಬಿರುವ ಕಲೆ ಇದು. ‘ಬ್ಲೇರ್ ವಿಚ್’ ಚಿತ್ರದಲ್ಲಂತೂ ನಿರ್ಮಾತೃಗಳು ಅಳಿದುಳಿದ ಎಚ್ಚರವನ್ನೂ ಬುದ್ಧಿಪೂರ್ವಕವಾಗಿ ಅಳಿಸಿದರು. ಕಾಡಿನಲ್ಲಿ ಕಾಣೆಯಾಗುವ ಮೂವರು ಪಾತ್ರಗಳಿಗೆ ನಟರ ನಿಜನಾಮಗಳನ್ನೇ ಇಟ್ಟರು. ಕ್ಯಾಮೆರಾವನ್ನು ಆ ನಟರ ಕೈಗೇ ಕೊಟ್ಟರು. ಅವರು ನಿಜವಾಗಿಯೂ ಕಾಣೆಯಾದರೆಂದು ನಂಬಿಸುವ ಕರಪತ್ರಗಳನ್ನು ಹಂಚಿದರು. ಪೂರ್ವರಂಗವು ಮಾಡುವುದಕ್ಕೆ ನೇರವಾಗಿ ವಿರುದ್ಧವಾದ ಕ್ರಿಯೆ ಇದು. ಹೀಗೆ ಹುಟ್ಟಿದ ಭಯವು ಹಗ್ಗದಲ್ಲಿ ಹಾವನ್ನು ಕಂಡವನ ಭಯಕ್ಕೆ ಸಮಾನವಾದುದು. ಅದಕ್ಕೆ ಭ್ರಾಂತಿಯೇ ಮೂಲ. ಆ ಚಿತ್ರದಲ್ಲಿ ಮಾಟಗಾತಿಯನ್ನು ಒಮ್ಮೆಯೂ ತೋರಿಸದಿರುವುದು ಶ್ಲಾಘ್ಯವಾದ ಸಂಯಮವೆಂಬುದನ್ನು ಒಪ್ಪಲೇಬೇಕು. ಆದರೂ ಭ್ರಾಂತಿಯಿಂದ ಬಂದಷ್ಟು ಭಾಗವನ್ನು ರಸದ ಲೆಕ್ಕಕ್ಕೆ ಸೇರಿಸಲಾಗದು.

ಇಷ್ಟರಿಂದ ಶಾಸ್ತ್ರಾಭಿಮಾನಿಗಳ ಪಕ್ಷವು ಗೆದ್ದಿತೆಂದು ತಿಳಿಯಬಾರದು. ಯಾವ ಭ್ರಾಂತಿಯನ್ನೂ ಹುಟ್ಟಿಸದೆ, ಕಥೆಯನ್ನು ಕಥೆಯೆಂದೇ ಒಪ್ಪಿಸಿದ ಚಿತ್ರವೂ ಹಾಗೆಯೇ ಬೆನ್ನಟ್ಟಿ ಬರುವುದುಂಟು.

೩

ಆಲ್‌ಫ್ರೆಡ್ ಹಿಚ್‌ಕಾಕ್ ೧೯೬೦ರಲ್ಲಿ ನಿರ್ಮಿಸಿದ ‘ಸೈಕೋ’ ಚಿತ್ರವು ಇದಕ್ಕೆ ನಿದರ್ಶನ. ಮೇರಿಯನ್ ಎಂಬ ತರುಣಿಯು ತನ್ನ ಯಜಮಾನನಿಗೆ ಒಪ್ಪಿಸಲ್ಪಟ್ಟ ೪೦,೦೦೦ ಡಾಲರನ್ನು ಕದ್ದು ಕಾರಿನಲ್ಲಿ ಓಡಿಹೋಗುತ್ತಾಳೆ. ರಾತ್ರಿ ಮಳೆಯಲ್ಲಿ ದಾರಿ ತಪ್ಪಿ, ಹೆದ್ದಾರಿಯಿಂದ ದೂರವಾದ ಒಂದು ತಂಗುಮನೆಯಲ್ಲಿ ಇಳಿದುಕೊಂಡು, ಅಲ್ಲಿ ಸ್ನಾನಮಾಡುತ್ತಿರುವಾಗ ಹತಳಾಗುತ್ತಾಳೆ.

ಭರತಮುನಿಯು ಭಯಾನಕವನ್ನು ವ್ಯಾಜದಿಂದ ಬಂದುದು, ಅಪರಾಧದಿಂದ ಬಂದುದು, ವಿತ್ರಾಸದಿಂದ ಬಂದುದು ಎಂದು ಮೂರಾಗಿ ವಿಭಾಗಿಸಿದ್ದಾನೆ. ‘ಸೈಕೋ’ ಚಿತ್ರದ ಪೂರ್ವಾರ್ಧವೆಲ್ಲವೂ ಅಪರಾಧಜನ್ಯವಾದ ಭಯವೇ. ದಾರಿಯಲ್ಲಿ ಕಪ್ಪು ಕನ್ನಡಕದ ಪೋಲೀಸಿನವನು ಕಾರಿನ ಕಿಟಕಿಯಲ್ಲಿ ಇಣುಕಿದಾಗ ನಾವು ಹೆದರುವುದು ಆ ಕಳ್ಳತನದ ಪಾಲುದಾರರಂತೆ. ಅನಂತರ ತಂಗುಮನೆಯಲ್ಲಿ ಅವಳು ಹಣವನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾಳೆ; ಖರ್ಚಾದುದನ್ನು ಕಾಗದದ ಮೇಲೆ ಕಳೆದು ಲೆಕ್ಕಹಾಕಿ, ಆ ಕಾಗದವನ್ನು ಹರಿದುಹಾಕುತ್ತಾಳೆ. ಅಪರಾಧಭಯವು ಅಲ್ಲಿಗೆ ಶಮನವಾಯಿತು. ಅವಳು ಷವರಿನ ನೀರಿಗೆ ಮೈಯೊಡ್ಡುವುದು ಪ್ರಾಯಶ್ಚಿತ್ತಸ್ನಾನದಂತೆಯೇ ಕಾಣುತ್ತದೆ. ಪ್ರೇಕ್ಷಕನ ಮನಸ್ಸು ಸಡಿಲವಾದ ಆ ಗಳಿಗೆಯಲ್ಲಿಯೇ, ಕಾರಣವು ತಿಳಿಯದ ವಿತ್ರಾಸವು ಬಂದು ಎರಗುತ್ತದೆ. ಒಂದು ಭಯವನ್ನು ಸಂಪೂರ್ಣವಾಗಿ ಇಳಿಸಿದ ಮೇಲಲ್ಲದೆ ಮತ್ತೊಂದನ್ನು ಎಬ್ಬಿಸದಿರುವ ಈ ಕ್ರಮದಲ್ಲಿಯೇ ನಿರ್ದೇಶಕನ ಔಚಿತ್ಯಜ್ಞಾನವು ವ್ಯಕ್ತವಾಗಿದೆ.

ಭರತಮುನಿಯು ಭಯಾನಕದ ವಿಭಾವಗಳನ್ನು ಹೇಳುವಾಗ ಮೊದಲಿಗೆ ಹೆಸರಿಸುವುದು ವಿಕೃತವಾದ ಧ್ವನಿಯನ್ನು. ಶೂನ್ಯಾಗಾರವೂ ಆ ಪಟ್ಟಿಯಲ್ಲಿದೆ. ಈ ಚಿತ್ರಕ್ಕೆ ಸಂಗೀತವನ್ನು ರಚಿಸಿದ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನು ಮಾತ್ರ ಬಳಸಿ, ಹಕ್ಕಿಯ ಚೀರಾಟದಂತಹ ನಾದವನ್ನು ಅವುಗಳಿಂದ ಹೊರಡಿಸಿದನು. ಅತಿಥಿಗಳಿಲ್ಲದ ತಂಗುಮನೆಯೂ ಅದರ ಹಿಂದೆ ದಿಬ್ಬದ ಮೇಲಣ ಮನೆಯೂ ಶೂನ್ಯಾಗಾರಗಳೇ.

ಇನ್ನೊಂದು ಸ್ವಾರಸ್ಯವುಂಟು. ಧನಂಜಯನು ದಶರೂಪಕದಲ್ಲಿ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದವುಗಳನ್ನು ಎಣಿಸುವಾಗ ವಧೆಯನ್ನೂ ಸ್ನಾನವನ್ನೂ ನಿಷೇಧಿಸಿದ್ದಾನೆ. ಇಲ್ಲಿ ಆ ಎರಡು ನಿಷಿದ್ಧಗಳೂ ಒಂದೇ ದೃಶ್ಯದಲ್ಲಿ ಕೂಡಿವೆ. ಆದರೆ ಆ ದೃಶ್ಯವನ್ನು ಪರೀಕ್ಷಿಸಿದರೆ, ತೋರಿಸಿದುದಕ್ಕಿಂತ ಮುಚ್ಚಿದುದೇ ಹೆಚ್ಚು. ಏಳು ದಿನಗಳ ಕಾಲ ಚಿತ್ರೀಕರಿಸಿದ ಈ ಭಾಗದ ಕೊಲೆಯು ಪರದೆಯ ಮೇಲೆ ಒಂದು ನಿಮಿಷವೂ ನಡೆಯುವುದಿಲ್ಲ. ದೃಶ್ಯದಲ್ಲಿ ೭೮ ಕ್ಯಾಮೆರಾ ಜೋಡಣೆಗಳನ್ನೂ ೫೨ ಕತ್ತರಿಕೆಗಳನ್ನೂ ಎಣಿಸುತ್ತಾರೆ. ಎತ್ತಿದ ಕತ್ತಿ, ತೆರೆದ ಬಾಯಿ, ಹರಿಯುವ ನೀರು, ಇವುಗಳನ್ನು ಒಂದರ ಹಿಂದೊಂದಾಗಿ ಪೋಣಿಸಿದೆ. ಕತ್ತಿಯು ಒಡಲನ್ನು ಸೀಳುವುದನ್ನು ನಮ್ಮ ಕಣ್ಣು ಕಾಣುವುದಿಲ್ಲ. ಗಾಯವು ವಾಚ್ಯವಲ್ಲ, ವ್ಯಂಗ್ಯ. ಅದನ್ನು ಪೂರೈಸಿದುದು ಪ್ರೇಕ್ಷಕನ ಸ್ವಂತ ಬುದ್ಧಿಯೇ. ತಾನೇ ಪೂರೈಸಿದುದನ್ನು ಅವನು ಚಿತ್ರಮಂದಿರದಲ್ಲಿ ಬಿಟ್ಟು ಬರುವುದು ಹೇಗೆ?

೪

ಮೇರಿಯನ್ನಳ ಪಾತ್ರವನ್ನು ಅಭಿನಯಿಸಿದ ಜಾನೆಟ್ ಲೀ, ಚಿತ್ರವು ಸಿದ್ಧವಾದ ಮೇಲೆ ಅದನ್ನು ನೋಡಿ, ಅಂದಿನಿಂದ ಷವರಿನ ಸ್ನಾನವನ್ನೇ ವರ್ಜಿಸಿದುದಾಗಿ ಹೇಳಿಕೊಂಡಿದ್ದರು. ರಕ್ತವೆಂದು ತೋರಿದುದು ಚಾಕೊಲೇಟಿನ ಪಾಕವೆಂಬುದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದ್ದರಿಂದ ಈ ಭಯಕ್ಕೆ ಭ್ರಾಂತಿಯು ಕಾರಣವೆನ್ನಲಾಗದು. ಅಭಿನವಗುಪ್ತರು ನಟನನ್ನು ಪಾತ್ರೆಗೆ ಹೋಲಿಸಿ, ಮದ್ಯದ ರುಚಿಯು ಪಾತ್ರೆಗೆ ತಿಳಿಯದೆಂದು ಹೇಳಿರುವುದು ಇಲ್ಲಿ ಸ್ಮರಣೀಯವಾಗಿದೆ. ಏಳು ದಿನ ಅಭಿನಯಿಸಿದಾಗ ತಟ್ಟದಿದ್ದ ಭಯವು ಆಕೆಯು ಪ್ರೇಕ್ಷಕಳಾಗಿ ಕುಳಿತಾಗ ತಟ್ಟಿತು. ಆಚಾರ್ಯರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ.

ಹಾಗಾದರೆ ಭಯವು ಉಳಿದುದೇಕೆ? ಹಗ್ಗವೆಂದು ತಿಳಿದ ಮೇಲೂ ಕೆಲಕಾಲ ಕೈಕಾಲು ನಡುಗುವುದನ್ನು ವೇದಾಂತಿಗಳು ಸಂಸ್ಕಾರದ ಬಲದಿಂದ ವಿವರಿಸುತ್ತಾರೆ. ಆದರೆ ಆ ನಡುಕಕ್ಕೆ ಗಳಿಗೆಗಳ ಆಯುಸ್ಸು. ಇಲ್ಲಿ ಪ್ರಶ್ನೆಯಾಗಿರುವುದು ವರ್ಷಗಳು. ಸಂಸ್ಕಾರವು ತಾನಾಗಿಯೇ ಎಚ್ಚರುವುದಿಲ್ಲ, ಉದ್ಬೋಧಕವು ಬೇಕೆಂದು ನೈಯಾಯಿಕರು ಹೇಳುವುದನ್ನು ಇದರೊಡನೆ ಸೇರಿಸಿಕೊಳ್ಳಬೇಕು. ಹಾಳು ಕೋಟೆಯಲ್ಲಿ ವಾಸಿಸುವ ರಕ್ತಪಿಪಾಸುವಿನ ಕಥೆಯಾದ ‘ನೊಸ್‌ಫೆರಾಟು’ (೧೯೨೨) ಕಂಡವನಿಗೆ ಮರುದಿನ ಕೋಟೆಯು ಎದುರಾಗುವುದಿಲ್ಲ. ಸಂಸ್ಕಾರವು ಮಲಗಿಯೇ ಇರುತ್ತದೆ. ‘ಸೈಕೋ’ ಕಂಡವನಿಗಾದರೋ ಪ್ರತಿದಿನವೂ ಬಚ್ಚಲುಮನೆಯು ಎದುರಾಗುತ್ತದೆ. ಬಾಗಿಲು ಹಾಕಿ, ಬಟ್ಟೆ ಕಳಚಿ, ನೀರಿನ ಸದ್ದಿನಲ್ಲಿ ಹೊರಗಿನ ಸದ್ದು ಕೇಳದೆ ನಿಲ್ಲುವ ಅಸಹಾಯಸ್ಥಿತಿಯು ಮನುಷ್ಯಮಾತ್ರರಿಗೆ ಸಾಧಾರಣವಾದುದು. ಭಯದ ಸ್ಮರಣೆಯು ಮಿದುಳಿನಲ್ಲಿ ಅಮಿಗ್ಡಲವೆಂಬ ಭಾಗವನ್ನು ಆಶ್ರಯಿಸಿದೆಯೆಂದೂ, ‘ಇದು ಸುಳ್ಳು’ ಎಂದು ತಿಳಿಯುವ ಸ್ಮರಣೆಗೆ ಬೇರೆ ಆಶ್ರಯವಿದೆಯೆಂದೂ ಇಂದಿನ ಮನಃಶಾಸ್ತ್ರಜ್ಞರು ಹೇಳುವುದು ಇದಕ್ಕೆ ಅನುಕೂಲವಾಗಿಯೇ ಇದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಆ ಬಚ್ಚಲುಮನೆಯು ಇಂತಹ ಊರಿನ, ಇಂತಹ ತಂಗುಮನೆಯ ಬಚ್ಚಲಾಗಿಯೇ ಉಳಿದಿದ್ದರೆ ಪ್ರೇಕ್ಷಕನ ಮನೆಯ ಬಚ್ಚಲಿಗೆ ಭಯವು ಹರಿಯುತ್ತಿರಲಿಲ್ಲ. ದೇಶಕಾಲಗಳು ಕಳಚಿ ಬಚ್ಚಲುಮನೆಯೆಂಬ ಸಾಮಾನ್ಯವಾಗಿ ತೋರಿದುದರಿಂದಲೇ ಹರಿಯಿತು. ಎಂದರೆ, ಶೇಷಭಯವು ಸಾಧಾರಣೀಕರಣದ ವೈಫಲ್ಯದಿಂದ ಹುಟ್ಟಿದುದಲ್ಲ. ಅದರ ಸಾಫಲ್ಯದಿಂದಲೇ ಹುಟ್ಟಿದುದು. ಶಾಸ್ತ್ರಾಭಿಮಾನಿಗಳ ಪಕ್ಷವು ಇಲ್ಲಿ ಬೀಳುತ್ತದೆ.

ಹಾಗಾದರೆ ರಸವು ಮನೆಯಲ್ಲಿಯೂ ಮುಂದುವರಿಯಿತೆನ್ನೋಣವೆ? ಕೂಡದು. ಲೋಕದಲ್ಲಿ ಕಾರಣವೆನಿಸುವುದೇ ಕಾವ್ಯದಲ್ಲಿ ವಿಭಾವವೆನಿಸುತ್ತದೆಂದು ಶಾಸ್ತ್ರವು ಭೇದವನ್ನು ಮಾಡಿದೆ. ಪರದೆಯ ಮೇಲಣ ಬಚ್ಚಲು ವಿಭಾವ. ಮನೆಯ ಬಚ್ಚಲು ಕಾರಣ. ಮೊದಲನೆಯದರಿಂದ ಆಸ್ವಾದ, ಎರಡನೆಯದರಿಂದ ಬರಿಯ ಭಯ. ಮಮ್ಮಟನ ಮಾತು ಮುಕ್ಕಾಗಲಿಲ್ಲ. ಆದ್ದರಿಂದ ಭಯದ ಆಯುಸ್ಸಿನಿಂದ ಚಿತ್ರದ ಗುಣವನ್ನು ಅಳೆಯುವ ಅಭಿಮಾನಿಗಳ ಪಕ್ಷವೂ ಬೀಳುತ್ತದೆ. ಆ ಆಯುಸ್ಸು ಬಹುಮಟ್ಟಿಗೆ, ಚಿತ್ರವು ಆರಿಸಿಕೊಂಡ ವಸ್ತುವು ದಿನಕ್ಕೆಷ್ಟು ಸಲ ಎದುರಾಗುವುದೆಂಬುದನ್ನು ಅವಲಂಬಿಸಿದೆ.

೫

ಉಳಿದುದು ಅಧಿಕಾರಿಯ ವಿಚಾರ. ಮೇಲೆ ಹೇಳಿದ ವಿದ್ಯಾರ್ಥಿಗಳು ಹೆದರಿದುದು ಎಳೆಯ ವಯಸ್ಸಿನಲ್ಲಿ. ರಸಾಸ್ವಾದಕ್ಕೆ ಸಹೃದಯನೇ ಅಧಿಕಾರಿ. ಕಥೆಯನ್ನು ಕಥೆಯೆಂದು ಹಿಡಿಯುವ ಶಕ್ತಿಯು ಇನ್ನೂ ಬಲಿಯದ ಮಗುವಿಗೆ ಅದೇ ಚಿತ್ರದಿಂದ ರಸಾಂಶವು ದೊರೆಯದೆ ಶೇಷಾಂಶವು ಮಾತ್ರ ದೊರೆಯುತ್ತದೆ. ಹೀಗಿದ್ದರೂ ‘ಜಾಸ್’ ಮತ್ತು ‘ಪೋಲ್ಟರ್‌ಗೈಸ್ಟ್’ ಎರಡೂ ಅಮೆರಿಕದಲ್ಲಿ ತಂದೆತಾಯಿಗಳ ವಿವೇಚನೆಗೆ ಬಿಟ್ಟ ವರ್ಗದಲ್ಲಿಯೇ ತೆರೆಕಂಡವು. ೧೩ ವರ್ಷದೊಳಗಿನವರ ವಿಷಯದಲ್ಲಿ ವಿಶೇಷವಾಗಿ ಎಚ್ಚರಿಸುವ ವರ್ಗವು ಅಲ್ಲಿ ಏರ್ಪಟ್ಟುದು ೧೯೮೪ರಲ್ಲಿ. ನಿದ್ದೆಯಿಲ್ಲದೆ ಹೊರಳುವ ಮಗುವಿನ ತಾಯಿಗೆ ‘ಇದು ಭಯಾನಕರಸವಮ್ಮಾ’ ಎಂದು ಯಾವ ಆಲಂಕಾರಿಕನೂ ಸಮಾಧಾನ ಹೇಳಲಾರನು. ಅಲ್ಲಿ ದೋಷವು ಚಿತ್ರದ್ದಲ್ಲ, ಮಗುವಿನದಂತೂ ಅಲ್ಲ. ಅನಧಿಕಾರಿಯನ್ನು ಕರೆದು ಕುಳ್ಳಿರಿಸಿದವರದು.

ಪ್ರೌಢನಾದ ಪ್ರೇಕ್ಷಕನಿಗೆ ಪರೀಕ್ಷೆಯೊಂದನ್ನು ಸೂಚಿಸಬಹುದು. ಕಥೆಯ ಗುಟ್ಟೆಲ್ಲ ತಿಳಿದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಲಿ. ಭ್ರಾಂತಿಯನ್ನೇ ನೆಚ್ಚಿದ ಭಾಗಗಳು ಆಗ ಬಾಡಿರುತ್ತವೆ. ರಸವಿದ್ದ ಭಾಗಗಳು ಹೆಚ್ಚು ನಿಚ್ಚಳವಾಗುತ್ತವೆ: ಮೇರಿಯನ್ ಕಾಗದವನ್ನು ಹರಿಯುವಾಗ, ಮುಂದಾಗುವುದು ತಿಳಿದಿರುವುದರಿಂದಲೇ ಆ ಪಶ್ಚಾತ್ತಾಪವು ನಮ್ಮನ್ನು ಮೊದಲಿಗಿಂತ ಆಳವಾಗಿ ತಟ್ಟುತ್ತದೆ. ಆ ಬಳಿಕ ಮನೆಗೆ ಬಂದು ಬಚ್ಚಲಿನಲ್ಲಿ ಅಳುಕಿದರೆ ಅಳುಕಲಿ. ಚಿತ್ರದ ಮೌಲ್ಯನಿರ್ಣಯದಲ್ಲಿ ಆ ಅಳುಕನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ. ಹೊಸ ಕಲೆಯ ವಿಚಾರದಲ್ಲಿ ಹಳೆಯ ಶಾಸ್ತ್ರವು ಎಷ್ಟು ದೂರ ನಡೆಯಬಲ್ಲದೆಂಬುದನ್ನು ಒಂದೆರಡು ಚಿತ್ರಗಳ ಮಟ್ಟಿಗೆ ಇಲ್ಲಿ ಪರೀಕ್ಷಿಸಿದುದಾಯಿತು. ಇತರ ಚಿತ್ರಗಳನ್ನು ಬಲ್ಲ ವಿದ್ವಾಂಸರು ಈ ವಿಚಾರವನ್ನು ಮುಂದುವರಿಸಿ, ಗುಣದೋಷಗಳನ್ನು ವಿಮರ್ಶಿಸಬೇಕೆಂದು ಪ್ರಾರ್ಥನೆ.