ವೇದಿಕೆಗೆ ಬಂದ ಗೊರುಕನ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಹಾಡು-ಕುಣಿತವನ್ನು ನಾವಿಂದು ಹೆಚ್ಚಾಗಿ ಕಾಣುವುದು ಉತ್ಸವಗಳ ವೇದಿಕೆಯಲ್ಲಿ. ಕೆಲವೇ ನಿಮಿಷಗಳ ಪ್ರದರ್ಶನ, ಒಂದಿಷ್ಟು ಚಪ್ಪಾಳೆ. ಬುಡಕಟ್ಟು ಸಂಸ್ಕೃತಿ ಉಳಿಯಿತೆಂದು ನಾವು ಸಮಾಧಾನಪಡುತ್ತೇವೆ.

ಆದರೆ ಮರ, ಹಕ್ಕಿ, ಪ್ರಾಣಿಗಳನ್ನು ಹೆಸರು ಹಿಡಿದು ಕರೆಯುವ ಈ ಹಾಡಿನ ನೆಲೆ ಕಾಡು. ಸೋಲಿಗರು ಕಾಡನ್ನು ಕುಲಗಳ ‘ಎಲ್ಲೆ’ಗಳಾಗಿ ಗುರುತಿಸಿಕೊಂಡವರು. ಅವರ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಲ್ಲವೂ ಅಲ್ಲೇ ಇವೆ. ದೊಡ್ಡ ಸಂಪಿಗೆಯಂತಹ ಮರವೇ ಅವರಿಗೆ ಗುಡಿ.

1974ರಲ್ಲಿ ಈ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ, ಕಾಡುಬೇಸಾಯ ನಿಂತವು. ಹಲವರು ಹಳೆಯ ನೆಲೆಗಳನ್ನು ಬಿಟ್ಟು ಬರಬೇಕಾಯಿತು. 2006ರಲ್ಲಿ ಮಾರಾಟಕ್ಕಾಗಿ ಜೇನು, ನೆಲ್ಲಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಹೋರಾಟದ ಫಲವಾಗಿ ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಹಲವು ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು.

ವೇದಿಕೆಯ ಗೊರುಕನದಲ್ಲಿ ಈ ಕಥೆ ಕೇಳಿಸುವುದಿಲ್ಲ. ಅದೇ ಅದರ ದೊಡ್ಡ ಕೊರತೆ. ಹಾಡನ್ನು ಧ್ವನಿಮುದ್ರಿಸಿ ಇಡಬಹುದು. ಅಜ್ಜ ಮೊಮ್ಮಗನಿಗೆ ಮರ ತೋರಿಸಿ ಅದರ ಹೆಸರು ಹೇಳಿಕೊಡಬೇಕಾದರೆ ಇಬ್ಬರೂ ಆ ಮರದ ಬಳಿಗೆ ಹೋಗುವಂತಿರಬೇಕು. ಹುಲಿಯನ್ನು ಉಳಿಸುವ ಯೋಜನೆಯಲ್ಲಿ ಸೋಲಿಗರ ಮಾತಿಗೂ ಬೆಲೆ ಸಿಕ್ಕರೆ ಮಾತ್ರ ನಮ್ಮ ಚಪ್ಪಾಳೆಗೆ ಅರ್ಥವಿದೆ.