ಶಾಖ ನೋಡುವ ಕುಳಿ

ಆಗುಂಬೆಯ ಕಾಡಿನಲ್ಲಿ ಕೊಂಬೆಗೆ ಸುತ್ತಿಕೊಂಡ ಮಲಬಾರ್ ಗುಳಿಮಂಡಲ ಕಂಡರೆ, ದೂರ ನಿಂತೇ ಅದರ ಮುಖ ಗಮನಿಸಿ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಪುಟ್ಟ ಕುಳಿಯೊಂದಿದೆ. ಈ ಬಗೆಯ ಹಾವುಗಳ ಕುಳಿಯೊಳಗೆ ಸುಮಾರು 0.015 ಮಿಲಿಮೀಟರ್ ದಪ್ಪದ ಪೊರೆ. ಅದರ ಹಿಂದೆಯೂ ಗಾಳಿಯೇ. ಎಂಥ ಕುಸುರಿ! ಅಷ್ಟು ತೆಳುವಾಗಿರುವುದರಿಂದಲೇ ಇಲಿಯ ಮೈಯಿಂದ ಹೊಮ್ಮುವ ಅವಕೆಂಪು ಕಿರಣ ತಾಗಿದೊಡನೆ ಪೊರೆ ಬಿಸಿಯೇರುತ್ತದೆ, ಹಿಂದೆ ಗಾಳಿಯಿರುವುದರಿಂದ ಆ ಬಿಸಿ ತಲೆಯೊಳಕ್ಕೆ ಸೋರಿಹೋಗುವುದಿಲ್ಲ. ಮರುಗಳಿಗೆಯಲ್ಲೇ ರಕ್ತನಾಳಗಳ ದಟ್ಟ ಜಾಲ ಪೊರೆಯನ್ನು ತಣಿಸಿ ಮತ್ತೆ ಅಣಿಗೊಳಿಸುತ್ತದೆ. ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಈ ತಣಿಸುವ ಏರ್ಪಾಡೇ. ಇಂಥದೇ ಕುಳಿಯಿರುವ ರ‍್ಯಾಟಲ್ ಹಾವುಗಳಲ್ಲಿ ಶಾಖವನ್ನು ನರಸಂಕೇತವಾಗಿಸುವ ಪ್ರೋಟೀನ್ ಟಿಆರ್‌ಪಿಎ1 ಎಂದು 2010ರಲ್ಲಿ ತಿಳಿಯಿತು. ಥರ್ಮಲ್ ಕ್ಯಾಮೆರಾದಲ್ಲಿ ಶಾಖ ಗ್ರಹಿಸುವ ಮೈಕ್ರೊಬೊಲೋಮೀಟರ್‌ನಲ್ಲೂ ಕುಳಿಯ ಪೊರೆಯದೇ ಉಪಾಯ: ಸಣಕಲು ಕಾಲುಗಳ ಮೇಲೆ, ನಿರ್ವಾತದಲ್ಲಿ ಎತ್ತಿ ನಿಲ್ಲಿಸಿದ ತೆಳು ಪೊರೆ.